ಇವಾನನ ಅಪ್ಪ ಜೋನ್ಸ್

ಕೋವಿಡ್ ಕಳೆದು ತರಗತಿಗಳು ಮತ್ತೆ ಎದುರುಬದುರಾಗಿ ಆರಂಭವಾದ ವರ್ಷ, ಅಮೆರಿಕದ ಫ್ರೀಮಾಂಟ್ ಬಳಿಯ ಕಮ್ಯುನಿಟಿ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಲ್ಯಾಬ್ ಟೆಕ್ನೀಷಿಯನ್ ಆಗಿ ಸೇರಿದೆ. ಪ್ರಯೋಗಗಳಿಗೆ ಬೇಕಾದ ದ್ರಾವಣಗಳನ್ನು ಸಿದ್ಧಪಡಿಸುವುದು, ಉಳಿದ ವಿಷತ್ಯಾಜ್ಯವನ್ನು ವಿಂಗಡಿಸಿಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಹಾಸನದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಿರಿಯರನ್ನು ಏಕವಚನದಲ್ಲಿ ಸಂಬೋಧಿಸಿದ ಮಕ್ಕಳಿಂದ ಆ ವಾಕ್ಯವನ್ನು ತಿದ್ದಿ ಹೇಳಿಸದೆ ಬಿಟ್ಟವಳಲ್ಲ.

ನಮಗೆ ಮನೆತನದ ಹೆಸರಿಲ್ಲ. ಇನಿಷಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರೇ ಅಮೆರಿಕದಲ್ಲಿ ನನ್ನ ಸರ್‌ನೇಮ್ ಆಯಿತು. ಹೀಗಾಗಿ ಕಾರಿಡಾರಿನಲ್ಲಿ ದಿನವಿಡೀ "ಹೇ ರಂಗಪ್ಪ!" ಎಂಬ ಕೂಗು. ತೀರಿಕೊಂಡ ಅಪ್ಪನನ್ನು ಹುಡುಗರು ಹೆಸರು ಹಿಡಿದು ಕೂಗಿದಂತೆನಿಸಿ ಸಂಕಟವಾಗುತ್ತಿತ್ತು. ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುತ್ತಿದ್ದ ಜೋನ್ಸ್ ಅವರಲ್ಲಿ ಇದನ್ನು ಹೇಳಿಕೊಂಡೆ. ಅವರು ವೇಲ್ಸ್ ಮೂಲದವರು, ಅರವತ್ತು ದಾಟಿದವರು. ಮರುದಿನ ಸ್ಟಾಕ್‌ರೂಮಿನ ಬಾಗಿಲಲ್ಲಿ ನಿಂತು, "ಮಿಸ್ಟರ್ ರಂಗಪ್ಪನವರ ಮಗಳೇ, ನನ್ನ ರೀಏಜೆಂಟು ರೆಡಿನಾ?" ಎಂದರು.

ನಾನು ನಕ್ಕುಬಿಟ್ಟೆ.

"ನಗಬೇಡಿ, ನಂದೂ ಅದೇ ಕಥೆ. ಜೋನ್ಸ್ ಅಂದ್ರೆ ಜಾನನ ಮಗ. ಯಾವ ಜಾನ್ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ನೀವು ನಿಮ್ಮ ರಂಗಪ್ಪನವರನ್ನ ಕಣ್ಣಾರೆ ಕಂಡಿದೀರಿ. ನಮ್ಮನೇಲೂ ಗೊತ್ತಿರೋ ಜಾನ್ ಒಬ್ಬನಿರಲಿ ಅಂತಲೇ ನನ್ನ ಮಗನಿಗೆ ಇವಾನ್ ಅಂತ ಇಟ್ಟೆ. ವೇಲ್ಸ್ ಭಾಷೆಯಲ್ಲಿ ಜಾನ್ ಅಂತಲೇ ಅರ್ಥ" ಎಂದರು.

ಅವರು ಕೇಳಿದ್ದು ಜೋನ್ಸ್ ರೀಏಜೆಂಟನ್ನು. ಕ್ರೋಮಿಯಂ ಟ್ರೈಆಕ್ಸೈಡನ್ನು ಸಲ್ಫ್ಯೂರಿಕ್ ಆಮ್ಲ ಬೆರೆತ ನೀರಿನಲ್ಲಿ ಕರಗಿಸಿದ ಆ ಕಿತ್ತಳೆ ದ್ರಾವಣವು ಆಲ್ಕೋಹಾಲನ್ನು ಆಕ್ಸಿಡೀಕರಿಸುತ್ತ ತಾನು ಹಸಿರಾಗುತ್ತದೆ. ಪಾದರಸ ಲೇಪಿಸಿದ ಸತುವಿನ ಚೂರು ತುಂಬಿದ ಗಾಜಿನ ಕೊಳವೆಯೊಂದಕ್ಕೂ ಜೋನ್ಸ್ ರಿಡಕ್ಟರ್ ಎಂದೇ ಹೆಸರು. ಅದರ ಕೆಲಸ ಇದಕ್ಕೆ ತದ್ವಿರುದ್ಧ. "ಒಬ್ಬ ಜೋನ್ಸ್ ಎಲೆಕ್ಟ್ರಾನ್ ಕಿತ್ಕೋತಾನೆ, ಇನ್ನೊಬ್ಬ ಕೊಡ್ತಾನೆ. ಇಬ್ಬರೂ ನನಗೆ ನೆಂಟರಲ್ಲ" ಎಂದು ಅವರು ಪ್ರತಿ ಸೆಮಿಸ್ಟರೂ ವಿದ್ಯಾರ್ಥಿಗಳನ್ನು ನಗಿಸುತ್ತಿದ್ದರು. ನೆರೆಮನೆಯವರಿಗೆ ಸರಿಸಮನಾಗಲು ಹೆಣಗುವುದನ್ನೂ ಇಲ್ಲಿನವರು 'ಕೀಪಿಂಗ್ ಅಪ್ ವಿತ್ ದ ಜೋನ್ಸಸ್' ಎಂದು ಜೋನ್ಸರ ಹೆಸರಲ್ಲೇ ಆಡಿಕೊಳ್ಳುತ್ತಾರೆ. ಅದಕ್ಕೂ ಅವರಲ್ಲಿ ಒಂದು ತಮಾಷೆ ಇತ್ತು.

ಇನ್ನೊಂದು ಅರ್ಥಕ್ಕೆ ಮಾತ್ರ ತಮಾಷೆ ಇರಲಿಲ್ಲ. ಒಂದು ಬೆಳಗ್ಗೆ ವಿದ್ಯಾರ್ಥಿನಿಯೊಬ್ಬಳು ಆಕಳಿಸುತ್ತ, ಕಾಫಿಗಾಗಿ 'ಜೋನ್ಸಿಂಗ್' ಆಗುತ್ತಿದೆ ಎಂದಳು. ಚಟ ಹತ್ತಿದವರಂತೆ ಹಂಬಲಿಸುವುದಕ್ಕೆ ಇಲ್ಲಿನ ಆಡುಮಾತು ಅದು. ಜೋನ್ಸ್ ಮಾರ್ಕರನ್ನು ಕೆಳಗಿಟ್ಟು ಬೋರ್ಡಿನ ಕಡೆ ತಿರುಗಿ ನಿಂತರು. ಆಮೇಲೆ ಸ್ಟಾಕ್‌ರೂಮಿನಲ್ಲಿ ಹೇಳಿದರು: ಬೆನ್ನುನೋವಿಗೆ ಕೊಟ್ಟ ಮಾತ್ರೆಗಳಿಂದ ಇವಾನನಿಗೆ ಚಟ ಹತ್ತಿತ್ತು. ಈಗ ಸ್ಯಾನ್ ಮಟಿಯೋದ ವ್ಯಸನಮುಕ್ತಿ ಕೇಂದ್ರದಲ್ಲಿದ್ದಾನೆ. ಪ್ರತಿ ಶನಿವಾರ ಕೊಲ್ಲಿಯ ಸೇತುವೆ ದಾಟಿ ಹೋಗಿ ನೋಡಿಬರುತ್ತಾರೆ.

"ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಗೆ ಬರ್ತಾನೆ. ಈ ಸಲ ಗಟ್ಟಿಯಾಗಿ ನಿಲ್ತಾನೆ ನೋಡಿ" ಎಂದರು.

ಬಂದ. ಕೆಲವು ವಾರ ಚೆನ್ನಾಗಿಯೇ ಇದ್ದ. ಕ್ರಿಸ್‌ಮಸ್‌ಗೆ ಮುಂಚೆ ಯಾರಿಂದಲೋ ಕೊಂಡ ನಕಲಿ ಮಾತ್ರೆಯಲ್ಲಿ, ಕಣದಷ್ಟಕ್ಕೇ ಜೀವ ತೆಗೆಯುವ ಫೆಂಟನಿಲ್ ಇತ್ತು. ಬೆಳಗ್ಗೆ ಕಾಫಿ ಆಗಿದೆ ಎಂದು ಎಬ್ಬಿಸಲು ಹೋದವರು ಜೋನ್ಸ್ ಅವರೇ.

ಹೊಸ ಸೆಮಿಸ್ಟರಿಗೆ ಅವರು ಕೆಲಸಕ್ಕೆ ಮರಳಿದರು. ಸಹೋದ್ಯೋಗಿಗಳು ಹೂ ಕಳಿಸಿದ್ದರು, ಇಮೇಲ್ ಬರೆದಿದ್ದರು. ಎದುರು ಸಿಕ್ಕಾಗ ಮಾತ್ರ ಫ್ರೀವೇ ಟ್ರಾಫಿಕ್ಕಿನ ಬಗ್ಗೆ ಮಾತನಾಡಿದರು. ಇವಾನನ ಹೆಸರನ್ನು ಯಾರೂ ಎತ್ತಲಿಲ್ಲ. ನನಗೂ ಧೈರ್ಯ ಬರಲಿಲ್ಲ. ಅವರೇ ಒಂದು ದಿನ ಸ್ಟೂಲಿನ ಮೇಲೆ ಕುಳಿತು ಹೇಳಿದರು:

"ನಾನು ಯಾರ ಮಗ ಅಂತ ನನ್ನ ಹೆಸರು ಹೇಳುತ್ತೆ. ಯಾರ ಅಪ್ಪ ಅಂತ ಹೇಳೋಕೆ ಏನೂ ಇಲ್ಲ."

"ನಮ್ಮ ಬೀದಿಯಲ್ಲಿ ತಾಯಿತಂದೆಯರನ್ನು ಮಕ್ಕಳ ಹೆಸರಿಂದಲೇ ಕರೀತಿದ್ರು. ನಮ್ಮಮ್ಮನ್ನ ಗೋಪಾಲನ ಅವ್ವ ಅಂತಿದ್ರು" ಎಂದೆ.

"ಗೋಪಾಲ ನಿಮ್ಮ ತಮ್ಮನಾ?"

"ಅಣ್ಣ. ನಾನು ಹುಟ್ಟೋಕೆ ಮುಂಚೆಯೇ ಜ್ವರ ಬಂದು ಹೋದ."

"ಆಮೇಲೆ ಏನಂತ ಕರೆದ್ರು?"

"ಗೋಪಾಲನ ಅವ್ವ ಅಂತಲೇ."

"ನಿಲ್ಲಿಸಲಿಲ್ವಾ?"

"ಅಮ್ಮ ಸಾಯೋವರೆಗೂ ನಿಲ್ಲಿಸಲಿಲ್ಲ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ತಲೆ ಎತ್ತದೆಯೇ, "ನನ್ನನ್ನೂ ಹಾಗೆ ಕರೀತೀರಾ?" ಎಂದರು.

ಮರುದಿನದಿಂದ ಕನ್ನಡದಲ್ಲೇ ಕರೆದೆ: "ಇವಾನನ ಅಪ್ಪಾ, ದ್ರಾವಣ ಸಿದ್ಧವಾಗಿದೆ." 'ಅಪ್ಪ' ಎಂಬುದರ ಅರ್ಥವನ್ನು ಅವರಿಗೆ ತಿಳಿಸಿದ್ದೆ. ಮನೆಯಲ್ಲಿ ಇದನ್ನು ಕೇಳಿ ನನ್ನ ಯಜಮಾನರು ರೇಗಿದರು. "ನಿನಗೇನು ತಲೆ ಕೆಟ್ಟಿದೆಯೇನೇ? ದಿನಾ ಗಾಯ ಕೆರೆದ ಹಾಗಾಗಲ್ವಾ ಆ ಮನುಷ್ಯಂಗೆ?"

ಅಳುಕಿ, ಜೋನ್ಸ್ ಅವರನ್ನೇ ಕೇಳಿದೆ. ಅವರೆಂದರು: "ಮನೇಲಿ ಅವನ ಹೆಸರು ಬಂದ್ರೆ ನನ್ನ ಹೆಂಡತಿ ಎದ್ದು ಹೋಗ್ತಾಳೆ. ಅವಳ ತಪ್ಪಲ್ಲ. ಆದರೆ ಅವನ ಹೆಸರು ನನ್ನ ಕಿವಿಗೆ ಬೀಳೋದು ಇದೊಂದು ಕಡೆ ಮಾತ್ರ."

ಯಾರನ್ನು ಹೇಗೆ ಸಂಬೋಧಿಸಬೇಕೆಂಬುದನ್ನು ನಾನು ವರ್ಷಗಟ್ಟಲೆ ಕಲಿಸಿದ್ದೆ. ಮಗುವನ್ನು ಕಳೆದುಕೊಂಡವರ ಮುಂದೆ ಆ ಮಗುವಿನ ಹೆಸರನ್ನು ನುಂಗಿಕೊಳ್ಳಬಾರದು, ಅವರಿಗೆ ಬೇಕೇ ಎಂದು ಕೇಳಿ ಧೈರ್ಯವಾಗಿ ಹೇಳಬೇಕು ಎಂಬುದನ್ನು ಕಲಿತದ್ದು ಮಾತ್ರ ಆ ಸ್ಟಾಕ್‌ರೂಮಿನಲ್ಲಿ.

ಆ ಕಿತ್ತಳೆ ದ್ರಾವಣದ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ಕಾಲೇಜು ಆ ಪ್ರಯೋಗವನ್ನು ಕೈಬಿಟ್ಟಿದೆ. ಜೋನ್ಸ್ ಅವರೂ ನಿವೃತ್ತರಾಗಿದ್ದಾರೆ. ಆಗಾಗ ಫೋನ್ ಮಾಡಿ, "ಇವಾನನ ಅಪ್ಪಾ" ಎನ್ನುತ್ತೇನೆ. ಆ ಕಡೆಯಿಂದ, "ಹೌದು, ಅವನಪ್ಪನೇ ಮಾತಾಡ್ತಿರೋದು" ಎನ್ನುತ್ತಾರೆ.