ಹೋಬರ್ಟ್ ಟಗಲನ ಕಣ್ಣಿನ ಪ್ರತಾಪ

ತಲೆಗೆ ಗೋಣಿಚೀಲ ಕಟ್ಟಿ, ಬೆನ್ನು ತಿರುಗಿಸಿ ನಿಲ್ಲಿಸಿ, ಮೈದಾನದ ಆಚೆ ತುದಿಯಲ್ಲಿ ಒಬ್ಬ ಹುಡುಗನನ್ನು ಓಡಿಸಿದರೂ ಸಾಕು, ಅವನ ಹೆಸರು, ಅವನಪ್ಪನ ಹೆಸರು, ಬೆಳಿಗ್ಗೆ ಅವನು ಏನು ತಿಂದ ಎಂಬುದನ್ನೆಲ್ಲ ಹೇಳಿಬಿಡುತ್ತೇನೆ ಎನ್ನುತ್ತಿದ್ದ ಹೋಬರ್ಟ್ ಟಗಲ್. "ಬೆನ್ನಿನ ನಂಬರು ನೋಡಿ ಹುಡುಗನ್ನ ಗುರುತು ಹಿಡಿಯೋನು ಕೋಚ್ ಅಲ್ಲ ಕಣ್ರಯ್ಯ, ಪೋಸ್ಟ್‌ಮ್ಯಾನು!" ಎಂದು ಓಪಲಳ ಹೋಟೆಲಿನಲ್ಲಿ ಮೇಜು ಗುದ್ದಿ ಹೇಳಿದರೆ ಕಾಫಿ ಕಪ್ಪುಗಳು ತಾವಾಗಿಯೇ ಪಕ್ಕಕ್ಕೆ ಸರಿದು ಕೂರುತ್ತಿದ್ದವು.

ಪಶ್ಚಿಮ ಟೆಕ್ಸಸ್ಸಿನ ಡ್ರೈ ಫೋರ್ಕಿನಲ್ಲಿ ಬೀಸುವ ಗಾಳಿ ಎಂಥದೆಂದರೆ, ನಾಯಿ ಬೊಗಳಿದ್ದು ಪಕ್ಕದ ಜಿಲ್ಲೆಯವರಿಗೆ ಕೇಳಿಸುತ್ತದೆ, ನಾಯಿಗೆ ಮಾತ್ರ ಕೇಳಿಸುವುದಿಲ್ಲ. ಅಂಥ ಗಾಳಿಯಲ್ಲಿ ಎಸೆದ ಚೆಂಡನ್ನು ಹಿಡಿಯುವ ಹುಡುಗರನ್ನು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಪಳಗಿಸುವುದು ಹೋಬರ್ಟನ ಕೆಲಸ. ಮೂವತ್ತು ವರ್ಷದಿಂದ ಅದೇ ಕೆಲಸ. ಮಧ್ಯಾಹ್ನದ ತನಕ ಅದೇ ಸ್ಕೂಲಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದ. ಹಾಗಾಗಿ ಊರಿನಲ್ಲಿ ಎಡಕ್ಕೆ ತಿರುಗುವಾಗ ಅವನಿಂದ ಬೈಸಿಕೊಳ್ಳದ ಮನುಷ್ಯನೇ ಇರಲಿಲ್ಲ. ಊರಿಗೆ ಅವನ ಮೇಲೆ ಪ್ರೀತಿ ಇಲ್ಲದ್ದಕ್ಕೆ ಇದು ಒಂದು ಕಾರಣ. ಇನ್ನೊಂದು, ಪ್ರತಿ ಮನೆಯಲ್ಲೂ ಒಬ್ಬ ಮಗ, ಮೊಮ್ಮಗ, ಇಲ್ಲವೇ ಅಕ್ಕನ ಮಗ ಅವನ ಕೈಯಲ್ಲಿ ಬೆಂಚಿನ ಮೇಲೆ ಕೂತು ಮುಪ್ಪಾಗಿದ್ದ.

ಶುಕ್ರವಾರ ತಂಡ ಸೋತಿತೋ, ಶನಿವಾರ ಬೆಳಿಗ್ಗೆ ಅವನ ಮನೆಯ ಮುಂದಿನ ಹುಲ್ಲಿನಲ್ಲಿ 'ಈ ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟಿರುತ್ತಿತ್ತು. ಊರು ಬಿಟ್ಟು ತೊಲಗು ಎಂದು ಕೋಚಿಗೆ ಹೇಳುವ ನಮ್ಮ ಕಡೆಯ ಪದ್ಧತಿ ಅದು. ಮುಖಕ್ಕೆ ಹೇಳುವುದಕ್ಕಿಂತ ಮರ್ಯಾದಸ್ಥರ ಲಕ್ಷಣ. ಹೋಬರ್ಟ್ ಬೋರ್ಡುಗಳನ್ನು ಕಿತ್ತು ಕೋಳಿಗೂಡು ಕಟ್ಟಿದ. ಸೋಲು ಹೆಚ್ಚಾದ ವರ್ಷ ಗೂಡಿಗೆ ಒಂದು ಮಹಡಿ ಏರಿತು. ಗೂಡಿನ ನಾಲ್ಕೂ ಗೋಡೆಯ ಮೇಲೆ ಮಾರಾಟದ ಸುದ್ದಿಯೇ ಇದ್ದದ್ದರಿಂದ ಕೋಳಿಗಳು ಅಲ್ಲಿ ನಿಶ್ಚಿಂತೆಯಿಂದ ಮೊಟ್ಟೆಯಿಟ್ಟದ್ದೇ ಇಲ್ಲ.

ಯಾರು ಆಡಬೇಕು, ಯಾರು ಕೂರಬೇಕು ಎನ್ನುವುದಕ್ಕೆ ಅವನದು ಒಂದೇ ತಕ್ಕಡಿ.

"ಚೆಂಡು ಹಿಡಿಯೋದೇನ್ ಮಹಾ? ನಮ್ಮನೆ ನಾಯೀನೂ ಹಿಡಿಯುತ್ತೆ. ಚೆಂಡು ನಿನ್ ಕಡೆ ಬರದೇ ಇದ್ದಾಗ ನೀನೇನ್ ಮಾಡ್ತೀಯ, ಅದನ್ ತೋರಿಸು," ಎನ್ನುತ್ತಿದ್ದ ಹುಡುಗರಿಗೆ.

ಚೆಂಡು ಬರುವುದು ಅಪರೂಪ. ಮಿಕ್ಕ ಹೊತ್ತೆಲ್ಲ ಬೇರೊಬ್ಬ ಹುಡುಗ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಿರುತ್ತಾನೆ. ಅವನಿಗೆ ದಾರಿಯಾಗಲಿ ಎಂದು ಎದುರಿನವನ ಎದೆಗೆ ಎದೆ ಕೊಟ್ಟು ತಡೆಯಬೇಕು. ಚಪ್ಪಾಳೆಯಿಲ್ಲ, ಪೇಪರಿನಲ್ಲಿ ಹೆಸರಿಲ್ಲ, ಬರೀ ಪೆಟ್ಟು. ಆ ಪೆಟ್ಟಿಗೆ ಹೋಗುವವನು ಆಡುತ್ತಾನೆ. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವನು ಕೂರುತ್ತಾನೆ. ಮತ್ತೊಂದು ನಿಯಮವೂ ಇತ್ತು: ಪಂದ್ಯಗಳ ಋತುವಿಗೆ ಮುಂಚಿನ ಶನಿವಾರದ ಅಭ್ಯಾಸಪಂದ್ಯಕ್ಕೆ ಬರದವನ ಜಾಗ ಹೋಯಿತು. ಅಜ್ಜಿ ಸತ್ತರೂ ಅಷ್ಟೇ. ಅಜ್ಜಿಯರು ಅದಕ್ಕೆಂದೇ ಆ ವಾರ ಜೀವ ಬಿಗಿಹಿಡಿದುಕೊಂಡು ಇರುತ್ತಿದ್ದರಂತೆ.

ಆ ವರ್ಷ ಉಳಿದಿದ್ದ ಒಂದು ಜಾಗಕ್ಕೆ ಇಬ್ಬರು ಹುಡುಗರಿದ್ದರು. ಟ್ರೇಸ್ ಕೆಲ್ಟನ್, ಹದಿನಾಲ್ಕನೇ ನಂಬರು: ಗಾಳಿಗಿಂತ ಮುಂಚೆ ಹೊರಟು ಗಾಳಿಗಾಗಿ ಕಾಯುವಷ್ಟು ವೇಗ, ಅಂಟು ಹಚ್ಚಿದಂಥ ಕೈ. ನಂದೋ ಬರೇರಾ, ಎಂಬತ್ತೆರಡು: ಓಟ ಸಾಧಾರಣ, ಆದರೆ ಬೇಸಿಗೆಯಿಡೀ ಸಿಕ್ಕಿದವರನ್ನೆಲ್ಲ ಗುದ್ದಿ ತಡೆದವನು. ಟ್ರೇಸ್ ಯಾರನ್ನೂ ಮುಟ್ಟುತ್ತಿರಲಿಲ್ಲ. ಅವನ ಅಪ್ಪ ರಾಯ್ಸ್ ಕೆಲ್ಟನ್ ಟ್ರ್ಯಾಕ್ಟರ್ ಅಂಗಡಿಯ ಯಜಮಾನ, ತಂಡದ ಹಿತೈಷಿಗಳ ಸಂಘದ ಅಧ್ಯಕ್ಷ. ಡ್ರೈವಿಂಗ್ ಪರೀಕ್ಷೆಯಲ್ಲಿ ಹೋಬರ್ಟ್ ತನ್ನನ್ನು ಫೇಲ್ ಮಾಡಿದ್ದನ್ನು ಇನ್ನೂ ಮರೆಯದವನು.

ಅಭ್ಯಾಸಪಂದ್ಯವನ್ನು ಹೋಬರ್ಟ್ ಗ್ಯಾಲರಿಯ ಮೇಲಿನ ತಗಡಿನ ಗೂಡಿನಿಂದ ನೋಡಿದ. ಸೋಮವಾರ ಸಂಜೆ ಹೇಳಿಬಿಟ್ಟ: ಶುಕ್ರವಾರ ನಂದೋ ಆಡುತ್ತಾನೆ, ಟ್ರೇಸ್ ಕೂರುತ್ತಾನೆ.

ಮಂಗಳವಾರ ಬೆಳಿಗ್ಗೆ ಅವನ ಹುಲ್ಲಿನಲ್ಲಿ ಬೋರ್ಡು ಇತ್ತು. ಋತುವಿನ ಒಂದು ಪಂದ್ಯವೂ ಆಡದೆ ಬೋರ್ಡು ಬಂದದ್ದು ಅದೇ ಮೊದಲು. ಕಿತ್ತುಕೊಂಡು ಕಾರಿನಲ್ಲಿ ಹಾಕಿ ಓಪಲಳ ಹೋಟೆಲಿಗೆ ಬಂದ. ಓಪಲ್ ಬನ್ನಿನಂಥ ಬಿಸಿ ಬಿಸ್ಕಿಟ್ಟಿನ ತಟ್ಟೆಯನ್ನು ಮುಂದಿಟ್ಟಳು, ಮೇಲೆ ಸುರಿಯುವ ಗ್ರೇವಿ ಹಾಕಲಿಲ್ಲ.

"ಗ್ರೇವಿ?"

"ಆಡೋರಿಗೆ ಮಾತ್ರ. ಇವತ್ತು ನೀನೂ ಬೆಂಚು," ಎಂದಳು ಓಪಲ್. ಅವಳು ಟ್ರೇಸನ ಸೋದರತ್ತೆ.

ರಾಯ್ಸ್ ಎದ್ದು ಬಂದು ಎದುರಿನ ಕುರ್ಚಿ ಎಳೆದುಕೊಂಡ.

"ನನ್ನ ಮಗ ಏನ್ ಮಾಡ್ದ ಅಂತ ಕೂರಿಸಿದ್ದೀಯಯ್ಯಾ?"

"ಏನೂ ಮಾಡ್ಲಿಲ್ಲ. ಅದಕ್ಕೇ ಕೂರಿಸಿದ್ದು."

"ನೀನು ಕಂಡ್ಯಾ?"

"ಶನಿವಾರ ಬೆಳಗೆಲ್ಲ ಕಂಡೆ. ಸೊಂಟದ ಮೇಲೆ ಕೈ ಇಟ್ಕೊಂಡು, ಮದುವೆಮನೇಲಿ ಊಟದ ಕರೆ ಬರಲಿ ಅಂತ ಕಾಯೋ ನೆಂಟನ ಥರ ನಿಂತಿದ್ದ. ಆ ಸೊಂಟ ನೋಡಿದ್ರೆ ಸಾಕು, ನಿಮ್ಮ ವಂಶದ್ದು ಅಂತ ಗೊತ್ತಾಗುತ್ತೆ. ಹದಿನಾಲ್ಕನೇ ನಂಬರು ಒಬ್ಬನನ್ನಾದ್ರೂ ಮುಟ್ಟಿದ್ರೆ ನನ್ನ ಕಿವಿ ಕತ್ತರಿಸು."

ರಾಯ್ಸ್ ಎರಡೂ ಕೈ ಮೇಜಿನ ಮೇಲೆ ಇಟ್ಟ. ನಗು ನಿಧಾನವಾಗಿ ಮುಖವೆಲ್ಲ ಹರಡಿತು.

"ಹದಿನಾಲ್ಕು?"

"ಹದಿನಾಲ್ಕು."

"ಓಪಲ್, ಆ ಚಾಕು ತಾ. ಹದಿನಾಲ್ಕನೇ ಜರ್ಸಿ ಶುಕ್ರವಾರದಿಂದ ನನ್ನ ಅಂಗಡಿ ಕಿಟಕೀಲಿ ನೇತಾಡ್ತಿದೆ ಕಣಯ್ಯ! ಹೊಸಾ ಟ್ರ್ಯಾಕ್ಟರ್ ಪಕ್ಕ, ಗಿರಾಕಿಗೆ ಕಾಣ್ಲಿ ಅಂತ. ಅದು ಯಾರನ್ನ ಮುಟ್ಟುತ್ತೆ? ಟ್ರ್ಯಾಕ್ಟರನ್ನಾ?"

ಹೋಟೆಲಿನಲ್ಲಿ ಎದ್ದ ನಗುವಿಗೆ ಛಾವಣಿ ಒಂದು ಗೇಣು ಮೇಲೆದ್ದು ಕೂತಿತೆಂದು ಇವತ್ತಿಗೂ ಹೇಳುತ್ತಾರೆ. "ಪೋಸ್ಟ್‌ಮ್ಯಾನ್!" ಎಂದು ಯಾರೋ ಕೂಗಿದರು. "ಪೋಸ್ಟ್‌ಮ್ಯಾನಾದ್ರೂ ಸರಿಯಾದ ಮನೆಗೆ ಹೋಗ್ತಾನೆ ಬಿಡ್ರೋ," ಎಂದ ಇನ್ನೊಬ್ಬ.

"ಹಾಗಾದ್ರೆ ಹುಡುಗ ಅವತ್ತು ಯಾವ ನಂಬರು ಹಾಕ್ಕೊಂಡಿದ್ದ?" ಎಂದು ಕೇಳಿದ ಹೋಬರ್ಟ್.

ರಾಯ್ಸನ ನಗು ಅರ್ಧಕ್ಕೆ ನಿಂತಿತು. "ಯಾವುದೋ ಒಂದು. ಅದೆಲ್ಲ ನಿನಗ್ಯಾಕೆ? ಗುರುವಾರ ಸ್ಕೂಲ್ ಮಂಡಳಿ ಸೇರುತ್ತೆ. ಅಷ್ಟರೊಳಗೆ ನನ್ನ ಮಗ ಆಡ್ತಾನೆ ಅಂತ ಹೇಳಿದ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ಬರೀ ಕಾರ್ ಕಲಿಸ್ಕೊಂಡು ಇರು."

ಹೋಬರ್ಟ್ ಒಣ ಬಿಸ್ಕಿಟ್ಟನ್ನು ಅಲ್ಲಿಯೇ ಬಿಟ್ಟು ಎದ್ದ. ಮೂವತ್ತು ವರ್ಷ ಆ ಬಾಗಿಲನ್ನು ಎದೆಯುಬ್ಬಿಸಿಕೊಂಡು ದಾಟಿದವನಿಗೆ ಅಂದು ಬಾಗಿಲು ದೊಡ್ಡದೆನಿಸಿತು.

ಮಧ್ಯಾಹ್ನ ಇಬ್ಬರು ಹುಡುಗರನ್ನೂ ಡ್ರೈವಿಂಗ್ ಕಲಿಸುವ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ಕನ್ನಡಿ ಸರಿಮಾಡಿಕೊಂಡು, ಹಿಂತಿರುಗದೆಯೇ ಕೇಳಿದ:

"ಶನಿವಾರ ಎಂಬತ್ತೆರಡರೊಳಗೆ ಯಾರಿದ್ರು?"

ನಂದೋ ಟ್ರೇಸನನ್ನು ನೋಡಿದ. ಟ್ರೇಸ್ ಕಿಟಕಿಯ ಹೊರಗೆ ನೋಡಿದ.

"ನಾನು, ಸರ್," ಎಂದ ಟ್ರೇಸ್ ಕೊನೆಗೆ.

"ನಂದೋ?"

"ಶುಕ್ರವಾರ ಲಾರಿಗೆ ಹುಲ್ಲಿನ ಪೆಂಡಿ ಹಾಕ್ವಾಗ ಪಾದ ಉಳುಕ್ತು, ಸರ್. ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ. ಬರ್ಲಿಲ್ಲ ಅಂದ್ರೆ ಜಾಗ ಹೋಗುತ್ತೆ ಅಂತ..."

"ಅದಕ್ಕೆ ಇವನ ಜರ್ಸಿ ನೀನ್ ಹಾಕ್ಕೊಂಡ್ಯೇನೋ, ಟ್ರೇಸ್?"

"ನನ್ದು ಹೇಗಿದ್ರೂ ಕಿಟಕೀಲಿತ್ತಲ್ಲ, ಸರ್. ಹೆಲ್ಮೆಟ್ಟಿನೊಳಗೆ ಮುಖ ಯಾರಿಗ್ ಕಾಣುತ್ತೆ," ಎಂದ ಟ್ರೇಸ್. "ಬೇಸಿಗೆ ಪೂರ್ತಿ ಪೆಟ್ಟು ತಿಂದೋನು ಅವನು. ಒಂದು ಪಾದಕ್ಕೋಸ್ಕರ ಅದೆಲ್ಲ ಹೋಗ್ಬಾರ್ದು ಅನ್ನಿಸ್ತು."

ಆ ಶನಿವಾರ ತಗಡಿನ ಗೂಡಿನಲ್ಲಿ ಕೂತು ಹೋಬರ್ಟ್ ಎಂಬತ್ತೆರಡನೇ ನಂಬರಿನ ಪ್ರತಿ ಗುದ್ದಿಗೂ ತೊಡೆ ತಟ್ಟಿಕೊಂಡಿದ್ದ. 'ನಂದೋನ ಭುಜ ಅಂದ್ರೆ ಭುಜ' ಎಂದು ಪಕ್ಕದವನಿಗೆ ಹೇಳಿದ್ದ. ಅಂಗಡಿ ಕಿಟಕಿಯಲ್ಲಿ ನೇತಾಡುತ್ತಿದ್ದ ಜರ್ಸಿಯ ಸೊಂಟವನ್ನೂ ಮೈದಾನದಲ್ಲೇ ಕಂಡಿದ್ದ. ಕನ್ನಡಿಯಲ್ಲಿ ತನ್ನ ಕಣ್ಣುಗಳನ್ನೇ ಅವನು ಸ್ವಲ್ಪ ಹೊತ್ತು ನೋಡಿದ. ಅವು ಅಂಥ ಕೆಲಸಕ್ಕೆ ಬರುವ ಕಣ್ಣುಗಳಂತೆ ಕಾಣಲಿಲ್ಲ.

"ಹಾಗೆ ಗುದ್ದೋಕೆ ಬರೋನು, ಹದಿನಾಲ್ಕರೊಳಗಿದ್ದಾಗ ಯಾಕೋ ಒಬ್ಬನ್ನೂ ಮುಟ್ಟಲ್ಲ?"

"ಅಪ್ಪ ಬೇಲಿ ಹತ್ರ ನಿಂತು ಕೂಗ್ತಾರೆ, ಸರ್. 'ಪೆಟ್ಟು ಮಾಡ್ಕೋಬೇಡ, ಕೂಲಿ ಕೆಲಸ ಬೇರೆಯವರು ಮಾಡ್ಲಿ, ನೀನು ಚೆಂಡಿಗೆ ಮಾತ್ರ ಓಡು' ಅಂತ. ಒಂದು ಸಲ ಗುದ್ದಿದ್ದಕ್ಕೆ ಮನೇಲಿ ವಾರ ಪೂರ್ತಿ ಬೈದ್ರು. ಶನಿವಾರ ನಾನು ಅಂತ ಅವರಿಗೆ ಗೊತ್ತಿರ್ಲಿಲ್ಲ. ಆರಾಮಾಗಿತ್ತು."

"ಶನಿವಾರ ಅವನು ಕೂಗ್ಲಿಲ್ವಾ?"

"ಕೂಗಿದ್ರು," ಎಂದು ನಂದೋ ನಡುವೆ ಬಾಯಿ ಹಾಕಿದ. "'ಆ ಬರೇರಾನ್ನ ಆಚೆ ಹಾಕ್ರೋ, ಕತ್ತೆ ಥರ ಓಡ್ತಾನೆ' ಅಂತ. ಓಡ್ತಿದ್ದೋನು ಇವನೇ, ಸರ್. ನಾನು ಟ್ಯಾಂಕಿನ ಹಿಂದೆ ನಕ್ಕೂ ನಕ್ಕೂ ಇನ್ನೊಂದು ಪಾದಾನೂ ಉಳುಕಿಸ್ಕೊಂಡೆ."

ಹೋಬರ್ಟ್ ನಗಲಿಲ್ಲ. "ಪಾದ ತೋರಿಸೋ," ಎಂದ. ಅದು ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. "ವಾಸಿಯಾಗೋ ತನಕ ಕೂತಿರು. ನಿನ್ನ ಜಾಗ ಓಡಿಹೋಗಲ್ಲ. ಆ ನಿಯಮ ಮಾಡಿದೋನಿಗೆ ಬುದ್ಧಿ ಇರ್ಲಿಲ್ಲ."

"ನೀವೇ ಮಾಡಿದ್ದು, ಸರ್."

"ಇಳಿಯೋ ಕಾರಿಂದ."

ಬುಧವಾರದ ಅಭ್ಯಾಸಕ್ಕೆ ಊರಿಗೆ ಊರೇ ಬೇಲಿಗೆ ಒರಗಿ ನಿಂತಿತ್ತು. ಗಲ್ಲಿಗೇರಿಸುವುದನ್ನು ನೋಡಲು ಬಂದವರ ಹಾಗೆ ಕೆಲವರು ಮಡಚುವ ಕುರ್ಚಿ, ಐಸ್ ಟೀ ತಂದಿದ್ದರು. ಒಬ್ಬನ ಕೈಯಲ್ಲಿ ಬೋರ್ಡು ಸಿದ್ಧವಾಗಿಯೇ ಇತ್ತು. ಹೋಬರ್ಟ್ ನೆಟ್ಟಗೆ ಬೇಲಿಯ ಬಳಿಗೇ ಬಂದು ನಿಂತ.

"ಶನಿವಾರ ನಾನು ಒಬ್ಬನನ್ನ ಇನ್ನೊಬ್ಬ ಅಂದ್ಕೊಂಡೆ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಎಂಬತ್ತೆರಡರೊಳಗೆ ಇದ್ದೋನು ಟ್ರೇಸ್. ಬೆಳಗೆಲ್ಲ ಗುದ್ದಿದೋನೂ ಅವನೇ. ನಂಬರು ನೋಡಿ ಹೇಳಿದ್ದು ನಾನು."

ಬೇಲಿಗುಂಟ ಶಿಳ್ಳೆ ಎದ್ದಿತು. ಬೋರ್ಡಿನವನು ಅದನ್ನು ಪತಾಕೆಯಂತೆ ಬೀಸಿದ. ಎಂಬತ್ತೆರಡು ಎಂಬ ಮಾತಿಗೆ ರಾಯ್ಸನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಕತ್ತೆಯ ನೆನಪು ಬಂದಿರಬೇಕು. ಆದರೆ ಗೆದ್ದವನಿಗೆ ಅದೆಲ್ಲ ಎಷ್ಟು ಹೊತ್ತು!

"ಮೂವತ್ತು ವರ್ಷದ ಕಣ್ಣು!" ಎಂದು ಕೂಗಿದ. "ಇನ್ನೆಷ್ಟು ಮನೆ ಹುಡುಗರನ್ನ ಹೀಗೆ ಕೂರಿಸಿದ್ದೀಯೋ! ಅಂತೂ ಶುಕ್ರವಾರ ನನ್ನ ಮಗ ಇಳೀತಾನೆ, ಹೌದೋ ಅಲ್ವೋ?"

"ಇಳೀತಾನೆ."

"ಕೇಳ್ಕೊಳ್ರಪ್ಪಾ ಎಲ್ರೂ!" ರಾಯ್ಸ್ ಕಾಗದದ ಚೀಲದಿಂದ ಹೊಚ್ಚಹೊಸ ಜರ್ಸಿಯೊಂದನ್ನು ಎಳೆದು ಬೇಲಿಯ ಮೇಲೆ ಹರಡಿದ. ಹದಿನಾಲ್ಕರ ಮೇಲೆ, ಭುಜದಿಂದ ಭುಜದವರೆಗೆ, ಕೆಲ್ಟನ್ ಎಂದು ದಪ್ಪಕ್ಷರದಲ್ಲಿ ಹೊಲಿಸಿದ್ದ. "ಇದನ್ನ ಹಾಕಿಸು. ಹೆಸರಿದ್ರೆ ನಿನ್ನಂಥ ಕುರುಡನಿಗೂ ಯಾರ ಮಗ ಅಂತ ಗೊತ್ತಾಗುತ್ತೆ."

ಹೋಬರ್ಟ್ ಜರ್ಸಿಯನ್ನು ಎತ್ತಿ, ಬೆನ್ನಿನ ಅಕ್ಷರಗಳನ್ನು ಒಂದೊಂದಾಗಿ ಓದಿ, ಅಚ್ಚುಕಟ್ಟಾಗಿ ಮಡಚಿ ರಾಯ್ಸನ ಕೈಗೇ ಇಟ್ಟ.

"ಎಂಬತ್ತೆರಡರಲ್ಲೇ ಇಳೀತಾನೆ, ರಾಯ್ಸ್. ನಿನ್ನ ಮಗ ಅಂತ ಗೊತ್ತಾದಾಗೆಲ್ಲ ಆ ಹುಡುಗ ಒಂದು ಸೊಳ್ಳೇನೂ ಹೊಡೆದಿಲ್ಲ ಕಣಯ್ಯ."