ಪ್ರೈಮರ್ ಹೊಡೆಯದ ಕಪಾಟು

ನನ್ನ ಭಾವ ಮನೆಗಳಿಗೆ ಬಣ್ಣ ಬಳಿಯುವವರು. ಗೋಡೆಯಿಂದ ಉದುರಿದ ಒಂದು ಚಕ್ಕೆ ಕೊಟ್ಟರೆ ಸಾಕು, ಅದೇ ಬಣ್ಣವನ್ನು ಡಬ್ಬದಲ್ಲಿ ಕಲಸಿ ಕೊಡುತ್ತಿದ್ದರು. ಅಂಗಡಿಯವನು ಶೇಡ್ ಕಾರ್ಡ್ ಚಾಚಿದರೆ, "ನಿಮ್ಮನೆ ಫೋಟೋ ಆಲ್ಬಮ್ಮಾ? ಒಳಗಿಡಪ್ಪ" ಎನ್ನುತ್ತಿದ್ದರು. ಬಣ್ಣದ ವಿಷಯದಲ್ಲಿ ಯಾರನ್ನೂ ಒಂದು ಮಾತು ಕೇಳಿದವರಲ್ಲ. ನಾನು ಹೊಲಿಯುವ ಬಟ್ಟೆಗೆ ದಾರ ಹೊಂದಿಸಿ ಕೊಡುತ್ತಿದ್ದವರೂ ಅವರೇ. ಜೊತೆಗೆ ನಾದಿನಿಗೆ ಪುಕ್ಕಟೆ ಉಪದೇಶ ಬೇರೆ.

ಆಮೇಲೆ ಅವರ ಕಣ್ಣು ಮಂಜಾಯಿತು. ನೀಲಿ ಯಾವುದು, ಹಸಿರು ಯಾವುದು ತಿಳಿಯದಾಯಿತು. ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಭಾವ ಹೊಟ್ಟೆಯಲ್ಲೇ ಇಟ್ಟುಕೊಂಡರು. ಯಾರದೋ ಮನೆಯ ಹಸಿರು ಹಜಾರದ ನಡುವೆ ನೀಲಿ ತೇಪೆ ಹಾಕಿ ಬಂದ ಮೇಲೆಯೇ ನಮಗೆ ಗೊತ್ತಾದದ್ದು. ಆ ಮನೆಯವರು ಬೈಯಲಿಲ್ಲ, ಬೇರೆ ಪೇಂಟರನ್ನು ಕರೆಸಿದರು. ಬೈದಿದ್ದರೇ ವಾಸಿಯಿತ್ತು. ಭಾವ ಬ್ರಷ್‌ಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಒಳಕೋಣೆಯ ಮಂಚ ಹಿಡಿದರು.

ಕೈಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿದ್ದವರನ್ನು "ಇದು ಯಾವ ಬಣ್ಣ?" ಎಂದು ಕೇಳಿದ್ದರೆ ಇನ್ನೂ ಎಷ್ಟೋ ವರ್ಷ ದುಡಿಯಬಹುದಿತ್ತು. ಅಷ್ಟು ಕೇಳಲು ಆ ಮಹಾರಾಯರಿಗೆ ಬಾಯಿ ಬರುತ್ತಿರಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕ ಮಾತ್ರ ಬಡಗಿಯ ಹತ್ತಿರ ಉಳಿದಿದ್ದ ಹಲಗೆ ತಂದು, ಅಡುಗೆಮನೆಗೆ ತಾನೇ ಒಂದು ಕಪಾಟು ಮಾಡತೊಡಗಿದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು, ಸುತ್ತಿಗೆ ಹಿಡಿದವಳಲ್ಲ. ಮೊಳೆಗಿಂತ ಹೆಚ್ಚು ಏಟು ಹೆಬ್ಬೆರಳಿಗೇ ಬಿತ್ತು. ಕೊನೆಗೂ ಕಪಾಟು ಎದ್ದು ನಿಂತಿತು. ಅದರ ಎರಡು ಬಾಗಿಲು ಮಾತ್ರ ಜಗಳವಾಡಿದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಮುಖ ಕೊಡಲಿಲ್ಲ.

"ರೀ, ಇದಕ್ಕೆ ಯಾವ ಪೇಂಟ್ ತರ್ಲಿ?"

"ಯಾವ್ದೋ ಒಂದು ಬಳ್ಕೋ. ನನ್ನನ್ಯಾಕೆ ಕೇಳ್ತೀಯ?"

ಅಕ್ಕ ಒಂದು ನೀಲಿ, ಒಂದು ಹಸಿರು ಎನಾಮಲ್ ಡಬ್ಬ ತಂದಳು.

"ಗಾಯದ ಮೇಲೆ ಬರೆ ಎಳೀತೀಯೇನೇ?" ಎಂದೆ.

"ಬಾಗಿಲಿಗೊಂದು ಬಣ್ಣ. ನೀನು ಸುಮ್ನೆ ಡಬ್ಬ ಹಿಡ್ಕೋ" ಎಂದವಳೇ, ಬರಿಯ ಹಲಗೆಗೆ ನೇರವಾಗಿ ಪೇಂಟ್ ಎಳೆದಳು.

ಒಳಕೋಣೆಯಿಂದ ಕೂಗು ಬಂತು. "ಎನಾಮಲ್ ವಾಸನೆ ಬರ್ತಿದೆ. ಪ್ರೈಮರ್ ಯಾವಾಗ ಹೊಡ್ದೆ?"

"ಪೇಂಟ್ ಅಡೀಗೆ ಪ್ರೈಮರ್ ಯಾಕ್ರೀ? ಹೇಗೂ ಮೇಲೆ ಕಾಣಲ್ವಲ್ಲ."

ಮಂಚ ಕಿರ್ ಎಂದಿತು. ಭಾವ ಗೋಡೆ ಹಿಡಿದು ಬಂದು ಹಲಗೆಯ ಮೇಲೆ ಅಂಗೈ ಆಡಿಸಿದರು. "ಸ್ಯಾಂಡ್‌ಪೇಪರ್ ಕೂಡ ತೋರಿಸಿಲ್ಲ! ಹಸಿ ಮರ ಪೇಂಟೆಲ್ಲ ಕುಡಿದುಬಿಡುತ್ತೆ ಕಣೇ. ಈ ಗಂಟುಗಳಿಂದ ಅಂಟು ಮೇಲೆ ಬರುತ್ತೆ. ಬ್ರಷ್ ಇಳಿಸ್ರೇ ಇಬ್ರೂ!"

ಅಕ್ಕ ಬೇಕೆಂದೇ ಹಾಗೆ ಮಾಡಿದಳೋ ಇಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಭಾವ ಬಳಿದದ್ದನ್ನೆಲ್ಲ ಥಿನ್ನರ್ ಬಟ್ಟೆಯಿಂದ ಒರೆಸಿ, ಮರ ಉಜ್ಜಿದರು. ಗೋಡೆಗೆ ಹೊಡೆಯುವ ಪ್ರೈಮರ್ ತಂದೆನೆಂದು ನನ್ನನ್ನು ಅಂಗಡಿಗೆ ವಾಪಸ್ ಓಡಿಸಿ, ಮರದ್ದೇ ತರಿಸಿದರು. ಒಂದು ಕೋಟ್ ಒಣಗಿದ ಮೇಲೆ ಮತ್ತೆ ಉಜ್ಜಿ ಇನ್ನೊಂದು ಕೋಟ್ ಹೊಡೆದರು. ಬಿಳಿ ಪ್ರೈಮರ್ ಹೊಡೆಯುವಾಗ ಬಣ್ಣದ ಹಂಗಿಲ್ಲ. ಅವರ ಬೈಗುಳ ಕೇಳಿ ನನಗೆ ಹೊಟ್ಟೆ ತುಂಬಿತು.

ಅದೂ ಒಣಗಿತು. ಈಗ ಎರಡು ಡಬ್ಬಗಳು ಮುಚ್ಚಳ ತೆಗೆದು ಅವರ ಮುಂದೆ ಕುಳಿತಿದ್ದವು. ಭಾವ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಇನ್ನೊಂದನ್ನು ಮೂಗಿನ ಹತ್ತಿರ ತಂದು ನೋಡಿದರು. ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಗದರಿ, ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಭಾವ ಮತ್ತೆ ಮಂಚಕ್ಕೆ ಹೋಗಿಬಿಡುತ್ತಾರೆ ಎಂದೇ ಅಂದುಕೊಂಡೆ.

"ಲೇ," ಎಂದರು ಮೆಲ್ಲಗೆ. "ಇದರಲ್ಲಿ ಹಸಿರು ಯಾವುದೇ?"

"ಬಲಗಡೇದು ರೀ," ಎಂದಳು ಅಕ್ಕ, ತಿರುಗದೆಯೇ. ಪಾತ್ರೆಯ ಸದ್ದು ನಿಂತಿತ್ತು. ನನಗಂತೂ ಅಳು ತಡೆಯಲಾಗಲಿಲ್ಲ.

ಭಾವ ಬ್ರಷ್ ಅದ್ದಿ, ಬಾಗಿಲಿನ ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತ ಎಳೆದರು.

"ನಾದಿನಿ," ಎಂದರು, "ಅತ್ತಿದ್ದು ಸಾಕು. ನಾಳೆ ನಿನಗೆ ಬಿಡುವಿದ್ಯಾ? ಆ ಹಜಾರದ ಮನೇಲಿ ಬೇರೇನಾದ್ರೂ ಕೆಲಸ ಇದ್ಯಾ ಅಂತ ಕೇಳಿ ನೋಡೋಣ. ಬಣ್ಣ ಹೇಳೋಕೆ ನನಗೊಬ್ರು ಬೇಕು."