ಅಕ್ಕ ಆಡದ ಖೋ ಖೋ ಪಂದ್ಯ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಚಳಿಗಾಲ ಬರುತ್ತಿದ್ದುದು ಹುಡುಗಿಯರ ಶಾಲೆಯ ಮೈದಾನದ ದಾರಿಯಿಂದ. ದೀಪಾವಳಿ ಮುಗಿದ ಕೂಡಲೇ ಡ್ರಿಲ್ ಟೀಚರು ಎರೆಮಣ್ಣಿನ ಆ ಬಯಲನ್ನು ಗುಡಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆಸುತ್ತಿದ್ದರು. ಎರಡು ತುದಿಯಲ್ಲಿ ಎರಡು ಕಂಬ ನೆಡುತ್ತಿದ್ದರು. ನೀರು ಬಿದ್ದ ಆ ಮಣ್ಣಿನ ವಾಸನೆ ಓಣಿಯವರೆಗೆ ಬಂತೆಂದರೆ ಖೋ ಖೋ ಸೀಸನ್ ಶುರುವಾಯಿತೆಂದು ಎಲ್ಲರಿಗೂ ತಿಳಿಯುತ್ತಿತ್ತು. ಈ ಸಿಂಗಾಪುರದ ಜುರಾಂಗ್ ವೆಸ್ಟಿನಲ್ಲಿ ವರ್ಷವಿಡೀ ಒಂದೇ ಸೆಕೆ. ನಮ್ಮ ಬಿಜಾಪುರದ ಕಡೆಯ ಚಳಿಯನ್ನು ನೀವು ಊಹಿಸಿಕೊಳ್ಳಬೇಕಷ್ಟೇ ಮೊಮ್ಮಕ್ಕಳೇ.

ಖೋ ಖೋ ಗೊತ್ತಲ್ಲ? ಒಂದು ತಂಡದವರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಎದುರು ತಂಡದವರು ಅವರ ನಡುವೆ ನುಸುಳಿ ಓಡುತ್ತಾರೆ. ಅಟ್ಟಿಸಿಕೊಂಡು ಹೋಗುವವಳು ಕೂತವಳ ಬೆನ್ನು ತಟ್ಟಿ ‘ಖೋ’ ಎಂದರೆ ಆ ಕ್ಷಣವೇ ಅವಳು ಎದ್ದು ಓಡಬೇಕು. ಆ ಶಾಲೆಯ ತಂಡದಲ್ಲಿ ನಮ್ಮ ಅಕ್ಕನಷ್ಟು ಚುರುಕಿನವಳು ಮತ್ತೊಬ್ಬಳಿರಲಿಲ್ಲ. ಪರಕಾರದ ಲಂಗವನ್ನು ಕಚ್ಚೆಯಂತೆ ಎತ್ತಿ ಕಟ್ಟಿ, ಗಾಜಿನ ಬಳೆಗಳು ಒಡೆಯದಿರಲೆಂದು ಮುಂಗೈಗೆ ಕರವಸ್ತ್ರ ಸುತ್ತಿ, ಕಂಬದ ಹತ್ತಿರ ಎದೆ ನೆಲಕ್ಕೆ ತಾಗುವಂತೆ ಜಿಗಿದು ಎದುರಿನವಳ ಹಿಮ್ಮಡಿ ಮುಟ್ಟಿಬಿಡುತ್ತಿದ್ದಳು. ಮನೆಗೆ ಬಂದಾಗ ಅವಳ ಮೊಣಕೈ, ಗದ್ದ ಎಲ್ಲ ಕಪ್ಪು ಮಣ್ಣು. ಬಿಸಿನೀರು ಹಾಕಿ ತೊಳೆಯುವ ಕೆಲಸ ನನ್ನದು. ತಂಡದಲ್ಲಿ ನನಗೂ ಒಂದು ಪಾಲಿದೆ ಎಂದು ನಾನು ಓಣಿಯಲ್ಲಿ ಜಂಬ ಕೊಚ್ಚುತ್ತಿದ್ದೆ.

ಬೇರೆ ಊರಿನ ತಂಡಗಳು ಬಂದಾಗ ಆ ಶಾಲೆಯ ಕೋಣೆಗಳಲ್ಲೇ ಇಳಿಯುತ್ತಿದ್ದವು. ಅವರಿಗೆ ನಮ್ಮ ಮನೆಗಳಿಂದಲೇ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹೋಗುತ್ತಿತ್ತು. ನಮ್ಮ ರೊಟ್ಟಿ ತಿಂದು ನಮ್ಮನ್ನೇ ಸೋಲಿಸಿ ಬಸ್ಸು ಹತ್ತಿದವರೂ ಇದ್ದರು.

ಇನ್ನು ಅಪ್ಪನ ವಿಷಯ. ನಿಮಗೆ ಗೊತ್ತಿರುವಂತೆ ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಇಷ್ಟಲಿಂಗ. ಕರಡಿಗೆ ಎಂಬ ಬೆಳ್ಳಿಯ ಪುಟ್ಟ ಗೂಡಿನಲ್ಲಿಟ್ಟು ದಾರ ಕಟ್ಟಿ ಎದೆಯ ಮೇಲೆ ಧರಿಸುವುದು. ಮಲಗಿದಾಗಲೂ ಎದ್ದಾಗಲೂ ಅದನ್ನು ಮೈಯಿಂದ ಬೇರೆ ಮಾಡುವಂತಿಲ್ಲ. ಈ ವಿಷಯದಲ್ಲಿ ಅಪ್ಪ ಹೇಳುತ್ತಿದ್ದ ಒಂದು ಕಥೆ ನಮಗೆಲ್ಲ ಬಾಯಿಪಾಠವಾಗಿತ್ತು. ಅವರ ಅಜ್ಜ ಒಮ್ಮೆ ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಾಟಬೇಕಾಯಿತಂತೆ. ದಾರ ಹರಿದು ಲಿಂಗ ನೀರುಪಾಲಾದರೆ ಏನು ಗತಿ? ಅಜ್ಜ ಅದನ್ನು ಬಟ್ಟೆಯಲ್ಲಿ ಸುತ್ತಿ, ತಲೆಯ ರುಮಾಲಿನೊಳಗೆ ಬಿಗಿದು ಕಟ್ಟಿ, ಈಜಿ ದಡ ಸೇರಿದರಂತೆ. ‘ತಲಿ ಮ್ಯಾಲ ಇಟ್ಕೊಂಡ್ರ ಇನ್ನೂ ಶ್ರೇಷ್ಠ’ ಎಂದು ಅಪ್ಪ ಮೀಸೆ ತಿರುವುತ್ತಿದ್ದರು.

ಮಗಳು ಆಡುವುದಕ್ಕೆ ಅಪ್ಪನ ಅಡ್ಡಿಯಿರಲಿಲ್ಲ. ಆದರೆ ಅವರು ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ಹುಡುಗಿಯರ ಓಟ ನೋಡಲು ನೆರೆದ ಜನರ ನಡುವೆ ನಿಲ್ಲಲು ಅವರಿಗೆ ಏನೋ ಸಂಕೋಚ. ಅದು ಅಕ್ಕನ ಶಾಲೆಯ ಕೊನೆಯ ವರ್ಷ. ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ತಂಡವೂ ಇಲ್ಲ, ಮೈದಾನವೂ ಇಲ್ಲ. ‘ಒಮ್ಮೆರ ಬಂದು ನೋಡ್ರಿ ಅಪ್ಪ’ ಎಂದು ಸೀಸನ್ ಪೂರ್ತಿ ಅಕ್ಕ ದುಂಬಾಲು ಬಿದ್ದಿದ್ದಳು. ಕೊನೆಗೆ ಫೈನಲ್ ಪಂದ್ಯದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಕೈ ಹಿಡಿದು ಹೊರಟರು. ನಮ್ಮನ್ನು ಕಂಡ ಅಕ್ಕ ಗೆರೆಯ ಆಚೆಯಿಂದಲೇ ಹಲ್ಲು ಬಿಟ್ಟಳು.

ಅಂದು ಅಂಪೈರ್ ಆಗಿ ಬಂದವರು ಹೊಸಬರು. ಆಟಕ್ಕೆ ಮುಂಚೆ ಸಾಲಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತ ಬಂದು ಅಕ್ಕನ ಎದುರು ನಿಂತರು. ಅಲ್ಲಿಯವರೆಗೆ ಅಕ್ಕ ಕರಡಿಗೆಯನ್ನು ಪೋಲಕದೊಳಗೆ ಬಟ್ಟೆಯಿಂದ ಬಿಗಿದುಕೊಂಡು ಆಡುತ್ತಿದ್ದಳು, ಯಾರೂ ಏನೂ ಅಂದಿರಲಿಲ್ಲ.

‘ಕೊರಳಾಗಿಂದು ತಗೀಬೇಕವಾ. ಎದಿ ಮ್ಯಾಲೆ ಬೀಳೋ ಆಟ ಇದು, ಬಡೀತದ’ ಎಂದರು. ಗದರಲಿಲ್ಲ, ಮೆತ್ತಗೇ ಹೇಳಿದರು.

‘ಇದನ್ನ ತಗಿಯಾಂಗಿಲ್ರಿ’ ಎಂದಳು ಅಕ್ಕ.

‘ಹಂಗಾರ ಆಡಾಂಗಿಲ್ಲವಾ.’

ಡ್ರಿಲ್ ಟೀಚರಿಗೆ ಏನು ಮಾಡಬೇಕೋ ತೋಚಲಿಲ್ಲ. ‘ನಿಮ್ಮಪ್ಪ ಬಂದಾರಲ್ಲ, ಕೇಳು’ ಎಂದರು. ಅಕ್ಕ ತಿರುಗಿ ಅಪ್ಪನನ್ನು ನೋಡಿದಳು. ಇಡೀ ಮೈದಾನವೇ ಅಪ್ಪನನ್ನು ನೋಡಿತು. ಅಪ್ಪನ ಪಕ್ಕದಲ್ಲಿ ನಮ್ಮ ಓಣಿಯ ಹಿರಿಯರೆಲ್ಲ ನಿಂತಿದ್ದರು. ಅವರಲ್ಲೊಬ್ಬರು ‘ಲಿಂಗಾ ತಗದು ಖೋ ಖೋ ಆಡ್ತಾರಂತಪಾ! ಇನ್ನ ಏನೇನ್ ನೋಡಬೇಕೋ’ ಎಂದು ನಕ್ಕರು. ಉಳಿದವರೂ ನಕ್ಕರು. ಅಪ್ಪ ತಲೆ ತಗ್ಗಿಸಿ ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತುಬಿಟ್ಟರು.

ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಗೆರೆ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಜಾಗಕ್ಕೆ ಬೇರೆ ಹುಡುಗಿ ಹೋದಳು.

ಅವಳು ಕೂತ ರೀತಿಯನ್ನು ನಾನು ಮರೆತಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿಲ್ಲ, ಕುಕ್ಕರಗಾಲಿನಲ್ಲೇ ಕೂತಿದ್ದಳು. ಒಳಗೆ ಯಾರಾದರೂ ‘ಖೋ’ ಎಂದಾಗಲೆಲ್ಲ ಅವಳ ಮೈ ಅರ್ಧ ಮೇಲೇಳುತ್ತಿತ್ತು, ಮತ್ತೆ ಕೂರುತ್ತಿತ್ತು. ನಮ್ಮವರು ಒಂದೇ ಅಂಕದಿಂದ ಸೋತರು. ಗೆದ್ದ ಹುಡುಗಿಯರು ಕುಣಿಯುವಾಗ ಅಕ್ಕ ಮುಂಗೈಗೆ ಸುತ್ತಿದ್ದ ಕರವಸ್ತ್ರವನ್ನು ಬಿಚ್ಚಿ ಮಡಿಸಿದಳು. ಅದಕ್ಕೆ ಒಂದು ಚೂರೂ ಮಣ್ಣು ಹತ್ತಿರಲಿಲ್ಲ.

ಯಾವಾಗಲೂ ನಮಗಿಂತ ಮುಂದೆ ನಡೆಯುತ್ತಿದ್ದ ಅಪ್ಪ ಅಂದು ಮನೆಯವರೆಗೂ ಅಕ್ಕನ ಹಿಂದೆ ನಡೆದರು. ಸಂಜೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಅಕ್ಕ ರೊಟ್ಟಿ ತಟ್ಟೆ ತಂದಿಟ್ಟಾಗ ಅವರು ಬಾಯಿ ಬಿಟ್ಟರು.

‘ನನಗ ಗೊತ್ತಿತ್ತವಾ. ನಮ್ಮಜ್ಜ ರುಮಾಲಿನಾಗ ಕಟ್ಟಿದ್ರು. ನೀನು ತುರುಬಿನಾಗ ಕಟ್ಕೋ ಅಂತ ಒಂದು ಮಾತು ಹೇಳಬೇಕಿತ್ತು ನಾ. ಮಂದಿ ನಗ್ತಾರಂತ ಸುಮ್ಮನಾದೆ.’

‘ಇರಲಿ ಬಿಡ್ರಿ ಅಪ್ಪ. ರೊಟ್ಟಿ ಆರತಾವ’ ಎಂದಳು ಅಕ್ಕ.

ಅವಳು ಸಿಟ್ಟಾಗಬೇಕಿತ್ತು ಎಂದು ನನಗೆ ಅನ್ನಿಸಿತು. ಬಹುಶಃ ಅಪ್ಪನಿಗೂ ಹಾಗೆಯೇ ಅನ್ನಿಸಿರಬೇಕು. ಅವರು ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ.

ಆಮೇಲೆ ನಾನು ಆ ಶಾಲೆ ಸೇರಿದೆ, ಅದೇ ತಂಡ ಸೇರಿದೆ. ಪ್ರತಿ ಪಂದ್ಯಕ್ಕೂ ಅಪ್ಪ ತಪ್ಪದೆ ಬಂದರು. ಓಣಿಯ ಅದೇ ಹಿರಿಯರ ಎದುರಿಗೇ ನನ್ನ ಲಿಂಗವನ್ನು ಕರಡಿಗೆಯಿಂದ ತೆಗೆದು, ಹತ್ತಿಯ ಚೀಲದಲ್ಲಿಟ್ಟು, ನನ್ನ ತುರುಬಿನೊಳಗೆ ಕಟ್ಟುತ್ತಿದ್ದರು. ಹೆಣ್ಣುಮಕ್ಕಳ ಕೂದಲು ಕಟ್ಟಿ ಗೊತ್ತಿಲ್ಲದ ಕೈ, ಗಂಟನ್ನು ಎರಡೆರಡು ಸಲ ಬಿಗಿಯುತ್ತಿತ್ತು. ಯಾರೂ ನಗಲಿಲ್ಲ. ಆ ಚೀಲವನ್ನು ಹೊಲಿದುಕೊಟ್ಟವಳು ಅಕ್ಕ. ನಾವು ಫೈನಲ್ ಕಪ್ ಗೆದ್ದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ. ನಾನು ಅವಳ ಮುಖ ನೋಡಲಾರದೆ ಕಪ್ಪನ್ನು ನೋಡುತ್ತ ನಿಂತೆ. ನನ್ನದೇನೂ ತಪ್ಪಿಲ್ಲ, ನಿಜ. ಆದರೂ ಅವಳ ತಟ್ಟೆಯ ತುತ್ತನ್ನು ನಾನು ಉಂಡ ಹಾಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಈಗ ನಿಮ್ಮ ಕಾಲ. ಕಳೆದ ವಾರ ನಿಮ್ಮ ಸ್ಕೂಲಿನ ಹಾಲ್‌ನಲ್ಲಿ ನೆಟ್‌ಬಾಲ್ ಪಂದ್ಯ. ಕನ್ನಡಿಯಂತೆ ಹೊಳೆಯುವ ನೆಲ, ಕಾಲಿಗೆ ಮೆತ್ತನೆಯ ಶೂ, ಪ್ರತಿಯೊಬ್ಬರಿಗೂ ನೀರಿನ ಬಾಟಲಿ. ಮಣ್ಣಿನ ವಾಸನೆಯೇ ಇಲ್ಲ. ಆದರೆ ಅಂಪೈರ್ ಸಾಲಿನಲ್ಲಿ ಹುಡುಗಿಯರ ಉಗುರು, ಒಡವೆ ನೋಡುತ್ತ ಬಂದು ನಿಮ್ಮ ಪೈಕಿ ಆಡಲಿಳಿದ ನಮ್ಮ ಪುಟ್ಟಿಯ ಎದುರು ನಿಂತು ಕೊರಳಿನತ್ತ ಬೆರಳು ಮಾಡಿದಾಗ ನಾನು ಕೂತಲ್ಲೇ ಅರ್ಧ ಎದ್ದೆ. ಹೋದ ರಜೆಯಲ್ಲಿ ಊರಿನಲ್ಲಿ ಕಟ್ಟಿಸಿದ ಲಿಂಗ. ಪುಟ್ಟಿ ತಲೆ ಎತ್ತಿ ನಾವು ಕೂತ ಕಡೆ ನೋಡಿದಳು. ಅಕ್ಕ ನೋಡಿದ ಹಾಗೆಯೇ.

‘ಅಮ್ಮ, ಏನ್ ಮಾಡೋದು? ಎಲ್ಲ ಪೇರೆಂಟ್ಸ್ ನಮ್ಮನ್ನೇ ನೋಡ್ತಿದಾರೆ’ ಎಂದ ನಿಮ್ಮಪ್ಪ ಪಿಸುಮಾತಿನಲ್ಲಿ.

‘ನೋಡ್ಲಿ ಬಿಡೋ’ ಎಂದು ನಾನು ಆಗಲೇ ಮೆಟ್ಟಿಲು ಇಳಿಯುತ್ತಿದ್ದೆ. ಮಂಡಿ ನೋವು ಆಮೇಲೆ ನೋಡಿಕೊಂಡರಾಯಿತು. ಕರಡಿಗೆಯನ್ನು ನನ್ನ ಚೀಲಕ್ಕೆ ಹಾಕಿ, ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ಪುಟ್ಟಿಯ ತುರುಬಿನೊಳಗೆ ಸೇರಿಸಿ ಕಟ್ಟಿದೆ. ಅಪ್ಪನ ಹಾಗೆ ನಾನೂ ಗಂಟನ್ನು ಎರಡು ಸಲ ಬಿಗಿದೆ.

‘ಅಜ್ಜಿ, ಫಾಸ್ಟ್ ಲಾ! ಗೇಮ್ ಸ್ಟಾರ್ಟ್ ಆಗ್ತಿದೆ’ ಎಂದಳು ಪುಟ್ಟಿ ತನ್ನ ಸಿಂಗಾಪುರದ ಧಾಟಿಯಲ್ಲಿ. ಅಂಪೈರ್ ತುರುಬನ್ನು ಒತ್ತಿ ನೋಡಿ ಆಗಲಿ ಎಂದು ತಲೆಯಾಡಿಸಿದರು.

ರಾತ್ರಿ ಊಟಕ್ಕೆ ಮುಂಚೆ ಊರಿಗೆ ವಿಡಿಯೋ ಕಾಲ್ ಮಾಡಿದೆವು. ಪುಟ್ಟಿ ಬೆನ್ನು ತಿರುಗಿಸಿ ಅಕ್ಕನಿಗೆ ತನ್ನ ತುರುಬು ತೋರಿಸಿ ಎಲ್ಲ ಹೇಳಿದಳು. ಅಕ್ಕ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

‘ಗೆದ್ರೇನವಾ?’

‘ಇಲ್ಲ ದೊಡ್ಡಜ್ಜಿ, ತುಂಬಾ ಬ್ಯಾಡಾಗಿ ಸೋತ್ವಿ.’

‘ಸೋತ್ರ ಏನಾತು. ಹೊರಗ ಕೂತಿದ್ದಿಲ್ಲಲಾ?’

‘ಇಲ್ಲ, ಫುಲ್ ಗೇಮ್ ಆಡ್ದೆ!’

ಆ ಕಡೆ ಅಕ್ಕ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ‘ನಿಮ್ಮಜ್ಜಿ ಎಲ್ಲೆದಾಳ, ಮಾರಿ ತೋರಸ್ಲಿ’ ಎಂದಳು. ನಾನು ಪುಟ್ಟಿಯ ಬೆನ್ನ ಹಿಂದೆ ಮುಖ ಮರೆಸಿಕೊಂಡು, ತುರುಬಿನ ಗಂಟು ಬಿಚ್ಚುತ್ತ ಕೂತೆ.